ಎಸ್‌ಎಸ್‌ಡಿ ಇದ್ದರೂ ಬೆಳಿಗ್ಗೆ ಯಾಕಿಷ್ಟು ತಡ?

ಪ್ರಶ್ನೆ: ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್. ರೈಜೆನ್ 5 7600 ಪ್ರೊಸೆಸರ್, 32 ಜಿಬಿ ಡಿಡಿಆರ್5 ರ್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಸ್ಟೋರೇಜ್). ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೇವೆ. ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಒಂದು ನಿಮಿಷಕ್ಕೂ ಹೆಚ್ಚು ಕಪ್ಪು. ತಾರೀಕೂ ಹಿಂದೆ ಹೋಗಿರುತ್ತದೆ. ಹಗಲಲ್ಲಿ ರೀಸ್ಟಾರ್ಟ್ ಮಾಡಿದರೆ ತಡವಾಗುವುದಿಲ್ಲ. ಎಸ್‌ಎಸ್‌ಡಿ ಬದಲಿಸಬೇಕೆ?
– ಓದುಗರು, ಬೈತಖೋಲ, ಕಾರವಾರ

ಉತ್ತರ: ಬೇಡ, ಆ ದುಡ್ಡು ಉಳಿಸಿ. ತಾರೀಕು ಹಿಂದೆ ಹೋಗುತ್ತದೆ ಎಂದಿದ್ದೀರಲ್ಲ, ರೋಗ ಅಲ್ಲೇ ಇದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ (ನಾಣ್ಯದಂಥ ಪುಟ್ಟ ಬ್ಯಾಟರಿ) ಸೋತಿದೆ. ಪ್ಲಗ್ ಹಾಕಿದ್ದಾಗ ಬೋರ್ಡಿನ ಗಡಿಯಾರಕ್ಕೆ ಕರೆಂಟ್ ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ ಪೆಟ್ಟಿಗೆ) ಬರುತ್ತದೆ; ಕಿತ್ತ ಮೇಲೆ ಎಲ್ಲ ಭಾರ ಸೆಲ್ ಮೇಲೆ. ಅದು ಕೈಕೊಟ್ಟರೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನದೇ ಸಾಫ್ಟ್‌ವೇರ್) ಸೆಟ್ಟಿಂಗ್ ಅಳಿಸಿಹೋಗಿ, ಡಿಡಿಆರ್5 ರ್ಯಾಮ್‌ನ ಹೊಂದಾಣಿಕೆಯನ್ನು ಬೋರ್ಡ್ ಮೊದಲಿನಿಂದ ಮಾಡಬೇಕು. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಆ ಕಪ್ಪು ಪರದೆ ಅದೇ. ಎಸ್‌ಎಸ್‌ಡಿಯ ಸರದಿ ಆಗಿನ್ನೂ ಬಂದೇ ಇರುವುದಿಲ್ಲ.

ಖಾತ್ರಿಗೆ, ಬೆಳಿಗ್ಗೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪುಟದಲ್ಲಿ 'ಲಾಸ್ಟ್ ಬಯೋಸ್ ಟೈಮ್' ನೋಡಿ. 50–60 ಸೆಕೆಂಡ್ ತೋರಿಸಿದರೆ ತಡ ವಿಂಡೋಸ್‌ಗೂ ಮೊದಲೇ ಆಗಿದೆ; ವಿಂಡೋಸ್ ಮತ್ತೆ ಹಾಕಿಸಿ ಪ್ರಯೋಜನವಿಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಇಳಿಸಿ. ಸೆಲ್ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿರುತ್ತದೆ, ಕಾರ್ಡ್ ತೆಗೆಯಬೇಕಾದೀತು. ಬದಿಯ ಕ್ಲಿಪ್ ಒತ್ತಿದರೆ ಸೆಲ್ ಮೇಲೇಳುತ್ತದೆ. ಮಲ್ಟಿಮೀಟರಿನಲ್ಲಿ ಹೊಸದು 3 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಕಡಲಗಾಳಿಯ ಉಪ್ಪಿಗೆ ಹೋಲ್ಡರಿನ ಸಣ್ಣ ಸ್ಪ್ರಿಂಗ್ ಹಸಿರುಗಟ್ಟುವುದುಂಟು; ಹಾಗಾಗಿದ್ದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ, ಪೂರ್ತಿ ಒಣಗಿಸಿ. ಹೊಸ ಸೆಲ್‌ನ ಪ್ಲಸ್ ಗುರುತು ಮೇಲಕ್ಕಿರಲಿ.

ಆಮೇಲೆ ಬಯೋಸ್‌ನಲ್ಲಿ ತಾರೀಕು ಸರಿಪಡಿಸಿ, ಎಕ್ಸ್‌ಪೋ (ರ್ಯಾಮ್ ಅನ್ನು ಅದರ ಕಂಪನಿ ಹೇಳಿದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಮೆಮೊರಿ ಸೆಟ್ಟಿಂಗ್‌ಗಳಲ್ಲಿ 'ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್' (ಹಿಂದಿನ ಟ್ರೈನಿಂಗ್ ಫಲಿತಾಂಶವನ್ನೇ ಮತ್ತೆ ಬಳಸುವುದು) ಮತ್ತು 'ಪವರ್ ಡೌನ್ ಎನೇಬಲ್' (ಕೆಲಸವಿಲ್ಲದಾಗ ರ್ಯಾಮ್‌ನ ಕರೆಂಟ್ ಇಳಿಸುವುದು) ಎರಡನ್ನೂ ಎನೇಬಲ್ ಮಾಡಿ. ಒಂದನ್ನೇ ಮಾಡಿದರೆ ಕೆಲವು ಬೋರ್ಡ್‌ಗಳು ನಡುವೆ ಹ್ಯಾಂಗ್ ಆಗುತ್ತವೆ. ಸೇವ್ ಮಾಡಿದ ನಂತರ ಮೊದಲ ಸಲ ಟ್ರೈನಿಂಗ್‌ಗೆ ಕೆಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಾಗಿದೆಯೆಂದು ಸ್ವಿಚ್ ಆರಿಸಬೇಡಿ. ಮಳೆಗೆ ಕರೆಂಟ್ ಕಣ್ಣುಮುಚ್ಚಾಲೆ ಆಡುತ್ತಿದ್ದರೆ ಈ ಕೆಲಸ ಯುಪಿಎಸ್ ಮೇಲೇ ಮಾಡಿ.

ಇಷ್ಟಾದ ಮೇಲೆ ವಿಂಡೋಸ್ ಕುಸಿದು ನೀಲಿ ಪರದೆ ಬರತೊಡಗಿದರೆ, ಬೋರ್ಡ್ ಕಂಪನಿಯ ಹೊಸ ಬಯೋಸ್ ಹಾಕಿ. ಆಗಲೂ ನಿಲ್ಲದಿದ್ದರೆ ಕಾಂಟೆಕ್ಸ್ಟ್ ರೀಸ್ಟೋರ್ ಆಫ್ ಮಾಡಿ. ಬೆಳಿಗ್ಗೆ ಅರ್ಧ ನಿಮಿಷ ಕಾಯುವುದು, ಫೈಲ್ ಕೆಡುವುದಕ್ಕಿಂತ ಎಷ್ಟೋ ವಾಸಿ.