ಜಮಖಂಡಿ ತಂಗಿಗೆ, ಡಬ್ಬಿ ಮೀನಿನ ಬಗ್ಗೆ, ಮತ್ತ ಅವ್ವಗ ಹೇಳೂದರ ಬಗ್ಗೆ

ತಂಗಿ, ನಿನ್ನ ಪ್ರಶ್ನಿ ಓದಿದೆ. ಜಮಖಂಡಿಯಿಂದ ಬ್ರಿಟನ್ನಿನ ಲೀಡ್ಸ್‌ಗೆ ಓದಾಕ ಬಂದೀದಿ, ರಕ್ತ ಚೆಕ್ ಮಾಡಿಸಿದ್ರ ವಿಟಮಿನ್ ಬಿ12 ಕಡಿಮಿ ಐತಿ ಅಂದಾರ, ಕ್ಲಾಸಿನ ಗೆಳತಿ ಡಬ್ಬಿ ಮೀನ ತಿನ್ನು, ಸೋವಿನೂ ಐತಿ ಅಂದಾಳ, ಅಂಗಡ್ಯಾಗ ಹೋಗಿ ನೋಡಿದ್ರ ಗ್ವಾಡಿ ತುಂಬ ಡಬ್ಬಿ, ಯಾವುದು ತಗೋಬೇಕು, ಹೆಂಗ ಮಾಡ್ಬೇಕು, ವಾಸನಿಗೆ ರೂಮಿನವರು ಏನರ ಅಂತಾರೇನು, ಮೀನ ಮುಟ್ಟದ ನಿಮ್ಮ ಮನ್ಯಾಗ ಹೇಳೂದೋ ಬ್ಯಾಡೋ, ಅದರ ಜೋಡಿ ಬಾಡಗಿ, ಪಾರ್ಟ್ ಟೈಮ್ ಕೆಲಸ, ಹೀಟರ್ ಬಿಲ್ಲು. ಎಲ್ಲಾ ಒಂದ ಉಸಿರಿನ್ಯಾಗ ಕೇಳೀದಿ, ಹೊಸದಾಗಿ ಬಂದಾಗ ಹಂಗ ಆಗತೈತಿ, ಏನ ತಪ್ಪಿಲ್ಲ.

ಬಾಡಗಿ ಬಗ್ಗೆ ಒಂದ ಮಾತು, ನೀ ಕೊಟ್ಟ ಡಿಪಾಸಿಟ್ಟನ್ನ ಮನಿ ಮಾಲಕರು ಸರಕಾರ ಒಪ್ಪಿದ ಸ್ಕೀಮಿನ್ಯಾಗ ಇಡಬೇಕು, ಅದರ ಕಾಗದ ಕೇಳಿ ತಗೋ. ಕೆಲಸ, ಸ್ಟೂಡೆಂಟ್ ವೀಸಾ ಮ್ಯಾಲ ಕ್ಲಾಸ್ ನಡಿಯೂ ದಿನಾ ವಾರಕ್ಕ 20 ತಾಸಿನ ಮ್ಯಾಲ ಮಾಡಾಕ ಹೋಗಬ್ಯಾಡ, ಯಾರ ಹೇಳಿದ್ರೂ. ಹೀಟರ್ ಬಗ್ಗೆ ನಿಮ್ಮ ರೂಮಿನವರನ್ನ ಕೇಳು, ಮನಿ ಮನಿಗೆ ಬ್ಯಾರೆ ಇರತೈತಿ.

ಈಗ ಮೀನಕ್ಕ ಬರೂಣು. ಮೊದಲ ಇದನ್ನ ತಿಳ್ಕೋ, ಬಿ12 ಕಡಿಮಿ ಆಗೇತಿ ಅಂತ ಡಾಕ್ಟರ್ ಹೇಳಿದ ಮ್ಯಾಲ ಅವರು ಕೊಟ್ಟ ಗುಳಿಗಿನೋ ಇಂಜೆಕ್ಷನ್ನೋ ಅದು ಮೊದಲ, ಮೀನ ಆಮ್ಯಾಲ. ಒಬ್ಬೊಬ್ಬರಿಗೆ ತಿಂದಿದ್ದು ಹೊಟ್ಟಿಯೊಳಗ ಹೀರೂದ ಇಲ್ಲ, ಅಂಥವರು ಎಷ್ಟ ತಿಂದ್ರೂ ಏರೂದಿಲ್ಲ. ಎರಡನೇದು, ಮನಸ್ಸು ಒಪ್ಪಲಿಲ್ಲಂದ್ರ ತಿನ್ನಲೇಬೇಕಂತೇನಿಲ್ಲ ಮತ್ತ. ಹಾಲು, ಮಸರು, ಧಾರವಾಡ ಹಾಸ್ಟೆಲಿನ್ಯಾಗ ಶುರು ಮಾಡಿದ್ಯಲ್ಲ ಆ ತತ್ತಿ, ಬಿ12 ಸೇರಿಸಿದ ಸಿರಿಯಲ್, ಗುಳಿಗಿ, ಇದರ ಮ್ಯಾಲೂ ಆರಾಮ ಇರಬಹುದು. ಅವರಿವರು ತಿನ್ನು ಅಂದ್ರಂತ ಕಣ್ಣ ಮುಚ್ಚಿ ನುಂಗಬ್ಯಾಡ. ನಿನಗ ತಿನ್ನಬೇಕು ಅನಿಸಿದ್ರ ಮುಂದಿಂದು ಓದು.

ನಾನು ಇದ ಬ್ರಿಟನ್ನಿನ ಅಬರ್ಡೀನ್‌ಗೆ ಬಂದಾಗ ನಮ್ಮೂರು ಇನ್ನೂ ಬಿಜಾಪುರನ ಇತ್ತು, 2014ರಾಗ ವಿಜಯಪುರ ಆಗೂಕಿಂತ ಮೊದಲಿನ ಮಾತು. ಜನವರಿ ತಿಂಗಳು. ಅಲ್ಲಿ ಸಿದ್ಧೇಶ್ವರ ಜಾತ್ರಿ ನಡದಿತ್ತು, ಅವ್ವ ಫೋನಿನ್ಯಾಗ ಭೋಗಿ ಪಲ್ಲೆ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಅಂತ ಹೇಳಕೋತ ಹೊಂಟಿದ್ಲು, ಇಲ್ಲಿ ಮಧ್ಯಾಹ್ನ ನಾಕಕ್ಕ ಕತ್ತಲ, ಮಳಿ, ಸಮುದ್ರದ ಗಾಳಿ. ನಮ್ಮ ಕಡೆ ಬಿಸಲಿಗೆ ಬೈಕೋತ ಬೆಳದವರು ನಾವು, ಅದ ಬಿಸಲು ಮೈಯೊಳಗ ವಿಟಮಿನ್ ಡಿ ಮಾಡತೈತಿ ಅನ್ನೂದು ಈ ದೇಶಕ್ಕ ಬಂದ ಮ್ಯಾಲ ಗೊತ್ತಾತು. ಇಲ್ಲಿ ಅಕ್ಟೋಬರದಿಂದ ಮಾರ್ಚ್ ತನಕ ಬಿಸಲಿನ್ಯಾಗ ಆ ಶಕ್ತಿನ ಇರೂದಿಲ್ಲ, ಅದಕ್ಕ ಸರಕಾರದ ಆರೋಗ್ಯ ಇಲಾಖೆಯವರ ದಿನಾ 10 ಮೈಕ್ರೋಗ್ರಾಂ ಡಿ ಗುಳಿಗಿ ತಗೋರಿ ಅಂತಾರ. ನೀ ಇನ್ನೂ ಶುರು ಮಾಡಿಲ್ಲಂದ್ರ ನಾಳೆನ ತಗೋ, ನಮ್ಮಂಥ ಕಂದ ಬಣ್ಣದವರಿಗೆ ಅದು ಇನ್ನೂ ಬೇಕು.

ಡಬ್ಬಿ ಅಂದ ಕೂಡ್ಲೆ ನಮ್ಮವರಿಗೆ ಒಂದು ಸಂಶಯ, ಎಷ್ಟ ವರ್ಷದ್ದೋ ಏನೋ, ಕೆಮಿಕಲ್ ಹಾಕಿರ್ತಾರ ಅಂತ. ಹಂಗಲ್ಲವಾ. ಮೀನ ಡಬ್ಬಿಗೆ ತುಂಬಿ, ಗಾಳಿ ಹೋಗದಂಗ ಮುಚ್ಚಿ, ಆಮ್ಯಾಲ ಡಬ್ಬಿ ಸಮೇತ ಒತ್ತಡದ ಆವಿಯೊಳಗ ಸುಮಾರು 120 ಡಿಗ್ರಿ ಶಾಖದಾಗ ಕುದಸ್ತಾರ, ನಮ್ಮ ಕುಕ್ಕರ್ ಕೆಲಸ ಮಾಡಿದಂಗನ. ಒಳಗಿನ ಕ್ರಿಮಿ ಸಾಯ್ತಾವ, ಹೊರಗಿಂದು ಹೋಗಾಕ ದಾರಿಲ್ಲ, ಅದಕ್ಕ ಕೆಡೂದಿಲ್ಲ. ಅದ ಶಾಖಕ್ಕ ಸಣ್ಣ ಮೀನಿನ ಎಲಬು ಮೆತ್ತಗ ಆಗಿ ಬಾಯಾಗ ಹಾಕಿದ್ರ ಪುಡಿ ಆಗತೈತಿ. ಆ ಎಲಬು ತಗದ ಚೆಲ್ಲಬ್ಯಾಡ, ಕ್ಯಾಲ್ಸಿಯಂ ಇರೂದ ಅದರಾಗ.

ಇಷ್ಟೆಲ್ಲಾ ಡಬ್ಬ್ಯಾಗ ನನ್ನ ಮಾತು ಕೇಳಿದ್ರ ಸಾರ್ಡೀನ್ ತಗೋ. ಬೆಳಗಾವಿ ಕಡೆ ಗೋವಾದಿಂದ, ಕಾರವಾರದಿಂದ ತಾರ್ಲಿ ಅಂತ ಬರತೈತಲ್ಲ, ಅದರ ಬಳಗದ್ದು. ಪಿಲ್ಚರ್ಡ್ ಅಂತ ಬರದಿದ್ದೂ ಅದ ಮೀನ, ಸ್ವಲ್ಪ ದೊಡ್ಡದಾಗಿ ಬೆಳದದ್ದು. 100 ಗ್ರಾಂ ಸಾರ್ಡೀನಿನ್ಯಾಗ ಸುಮಾರು 24 ಗ್ರಾಂ ಪ್ರೋಟೀನ್, ಎಲಬು ಸಮೇತ ತಿಂದ್ರ 380 ಮಿಲಿಗ್ರಾಂ ಹತ್ರ ಕ್ಯಾಲ್ಸಿಯಂ, ಅಂದ್ರ ದೊಡ್ಡ ಲೋಟ ಹಾಲಿನಷ್ಟು, ಬಿ12 ಅಂತೂ 8-9 ಮೈಕ್ರೋಗ್ರಾಂ, ಇಲ್ಲಿಯವರ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕ ಬೇಕಾಗೂದು 1.5. ವಿಟಮಿನ್ ಡಿನೂ ನಾಕೈದು ಮೈಕ್ರೋಗ್ರಾಂ ಬರತೈತಿ, ಆದ್ರ ಅಷ್ಟಕ್ಕ ಗುಳಿಗಿ ಬಿಡಬ್ಯಾಡ. ಒಮೇಗಾ-3 ಅನ್ನೂ ಮೀನಿನ್ಯಾಗಿನ ಚೊಲೋ ಕೊಬ್ಬಿನ ಬಗ್ಗೆನೂ ಕೇಳಿದ್ದಿ, ನಮ್ಮ ಅಗಸಿ ಹಿಂಡ್ಯಾಗೂ ಒಮೇಗಾ-3 ಐತಿ, ಖರೇನ, ಆದ್ರ ಅಗಸ್ಯಾಗಿಂದು ಬ್ಯಾರೆ ನಮೂನಿ, ಮೀನಿನ್ಯಾಗಿರೂ ನಮೂನಿಗೆ ಅದನ್ನ ಬದಲಾಯಿಸೂದು ನಮ್ಮ ಮೈಗೆ ಭಾಳ ಕಡಿಮಿ ಆಗತೈತಿ. ಅದಕ್ಕಂತ ಅಗಸಿ ಹಿಂಡಿ ಬಿಡು ಅನ್ನೂದಿಲ್ಲ ನಾನು, ಊರಿಂದ ಬರೂವರ ಕೈಯಾಗ ತಪ್ಪದ ತರಸ್ಕೋ.

ಟ್ಯೂನಾ ಬಗ್ಗೆ ಎಲ್ಲಾರೂ ಹೇಳ್ತಾರ, ವಾಸನಿ ಕಡಿಮಿ, ಪ್ರೋಟೀನ್ ಚೊಲೋ ಐತಿ, ಹೊಸಬರಿಗೆ ಬಾಯಿಗೆ ಹಿಡಸೂದೂ ಅದ. ಆದ್ರ ಎಲಬಿಲ್ಲ, ಅದಕ್ಕ ಕ್ಯಾಲ್ಸಿಯಂ ಇಲ್ಲದಂಗ, ಡಬ್ಬಿ ಟ್ಯೂನಾನ ಇಲ್ಲಿಯವರು ಎಣ್ಣಿ ಮೀನಿನ (ಅಂದ್ರ ಸಾರ್ಡೀನಿನಂಗ ಮೈಯೊಳಗನ ಕೊಬ್ಬು ಹೆಚ್ಚಿರೂ ಮೀನು) ಲೆಕ್ಕಕ್ಕೂ ಹಿಡಿಯೂದಿಲ್ಲ. ದೊಡ್ಡ ಮೀನ ಸಣ್ಣ ಮೀನ ತಿಂದು ಬೆಳೀತಾವ, ಹಂಗಾಗಿ ಸಮುದ್ರದಾಗಿನ ಪಾದರಸ ದೊಡ್ಡ ಮೀನಿನ ಮೈಯೊಳಗ ಕೂಡಕೋತ ಹೋಗತೈತಿ. ಸಾರ್ಡೀನ್ ಸಣ್ಣದು, ಭಾಳ ವರ್ಷ ಬದಕೂದಿಲ್ಲ, ಅದಕ್ಕ ಅದರಾಗ ಪಾದರಸ ಕಡಿಮಿ. ಟ್ಯೂನಾದಾಗೂ ಅಲ್ಬಕೋರ್ ಅನ್ನೂದಕ್ಕಿಂತ ಸ್ಕಿಪ್‌ಜ್ಯಾಕ್ ಚೊಲೋ, ಡಬ್ಬಿ ಮ್ಯಾಲ ಬರದಿರ್ತಾರ. ವಾರಕ್ಕ ಎರಡ ಸಲ ಮೀನ, ಅದರಾಗ ಒಮ್ಮೆ ಎಣ್ಣಿ ಮೀನ, ಅಂತ ಇಲ್ಲಿಯ ಸಲಹಾ. ನಿನ್ನ ವಯಸ್ಸಿನ ಹೆಣ್ಣಮಕ್ಕಳು, ಮುಂದ ಮಕ್ಕಳಾಗೂವರು, ಎಣ್ಣಿ ಮೀನ ವಾರಕ್ಕ ಎರಡ ಸಲಕ್ಕಿಂತ ಹೆಚ್ಚ ತಿನ್ನಬಾರದು ಅಂತಾರ. ಹಂಗಾಗಿ ಸೋವಿ ಐತಿ ಅಂತ ದಿನಾ ತಿನ್ನಾಕ ಹತ್ತಬ್ಯಾಡ. ಮನ್ಯಾಗ ಯಾರಿಗರ ಯೂರಿಕ್ ಆಸಿಡ್ ತ್ರಾಸ ಇದ್ರ ಅವರಿಗೆ ಸಾರ್ಡೀನ್ ಬ್ಯಾಡ.

ಡಬ್ಬಿ ಮ್ಯಾಲ ಬ್ರೈನ್ ಅಂತಿದ್ರ ಉಪ್ಪ ನೀರು, ಸೋಸಿ ಒಮ್ಮೆ ತೊಳದು ತಗೋ. ಸ್ಪ್ರಿಂಗ್ ವಾಟರ್ ಅಂದ್ರ ಬರೇ ನೀರು. ಎಣ್ಣ್ಯಾಗಿಂದು ರುಚಿ ಹೆಚ್ಚ, ಆದ್ರ ಎಣ್ಣಿ ಚೆಲ್ಲಿದ್ರ ಒಮೇಗಾ-3 ಸ್ವಲ್ಪ ಅದರ ಜೋಡಿ ಹೋಗತೈತಿ, ಅದಕ್ಕ ಆ ಎಣ್ಣ್ಯಾಗನ ವಗ್ಗರಣಿ ಹಾಕು. ಉಬ್ಬಿದ ಡಬ್ಬಿ, ಅಂಚಿಗೆ ನೆಗ್ಗಿದ ಡಬ್ಬಿ, ಸೋರೂ ಡಬ್ಬಿ ಕಡಿಮಿ ರೇಟಿಗೆ ಇಟ್ಟಿದ್ರೂ ಮುಟ್ಟಬ್ಯಾಡ. ತಗದ ಮ್ಯಾಲ ಉಳದಿದ್ದು ಬ್ಯಾರೆ ಡಬ್ಬಿಗೆ ಹಾಕಿ ಫ್ರಿಜ್ಜಿನ್ಯಾಗಿಟ್ಟು ಎರಡ ದಿನದಾಗ ಮುಗಸು. ಹೊರಗ ಬಿಟ್ಟ ಮೀನ ಮತ್ತ ಕುದಸಿದ್ರ ಸರಿಹೋಗತೈತಿ ಅಂತ ತಿಳ್ಕೋಬ್ಯಾಡ, ಅದರಾಗ ಹಿಸ್ಟಮಿನ್ ಅಂತ ಆಗತೈತಿ, ಅದು ಕುದಸಿದ್ರೂ ಹೋಗೂದಿಲ್ಲ, ತಿಂದ್ರ ಮಾರಿ ಕೆಂಪಾಗಿ ತಲಿ ಸಿಡೀತೈತಿ.

ಇನ್ನ ಮಾಡೂದು. ನನಗ ಕಲಿಸಿದಾಕಿ ಬೆಳಗಾವಿ ಗೆಳತಿ, ಅವರ ಮನ್ಯಾಗ ಮೀನ ಅಂದ್ರ ಹಬ್ಬ ಇದ್ದಂಗ. ಡಬ್ಬಿ ಮೀನ ಬೆಂದ ಬಂದಿರತೈತಿ, ಇದೊಂದು ನೆನಪಿಡು ಅಂದ್ಲು ಅಕಿ. ಮಸಾಲಿನ ಪೂರ್ತಿ ಬೇಯಿಸಿ ಕಡೀಕ ಮೀನ ಇಟ್ಟು ಬಿಸಿ ಮಾಡೂದಷ್ಟ, ಸೌಟ ಆಡಸಬಾರದು, ಆಡಿಸಿದ್ರ ಹಿಟ್ಟಾಗತೈತಿ. ಎಣ್ಣಿಗೆ ಸಾಸಿವಿ, ಬಳ್ಳೊಳ್ಳಿ ಹೆಚ್ಚ ಹಾಕಿ ಜಜ್ಜಿದ್ದು, ಉಳ್ಳಾಗಡ್ಡಿ ಕೆಂಪಾಗೂತನಕ, ಮಸಾಲಿ ಖಾರ, ಅರಿಷಿಣ, ಹುಣಸಿ ರಸ, ಒಂದೀಟ ಬೆಲ್ಲ, ಎಣ್ಣಿ ಬಿಟ್ಕೊಂಡ ಮ್ಯಾಲ ಸಾರ್ಡೀನ್ ಸಾಲಾಗಿ ಇಟ್ಟು ಮುಚ್ಚಿ ಐದ ನಿಮಿಷ. ಅಕಿ ಹುಣಸಿ ಬದಲಿ ಅಮಸೂಲ ಹಾಕ್ತಿದ್ಲು, ಅದು ಇನ್ನೂ ಚೊಲೋ. ರೊಟ್ಟಿಗೆ ಹಚ್ಚಿ ತಿನ್ನು, ಕಟಕ ರೊಟ್ಟಿ ಇದ್ರ ಮುರದು ಅದರಾಗ ನೆನಸಿ ತಿನ್ನು. ಟಮಾಟಿ ಸಾಸಿನ್ಯಾಗಿನ ಡಬ್ಬಿ ತಂದ್ರ ಅರ್ಧ ಸಾರು ಆಗೇ ಬಂದಂಗ, ವಗ್ಗರಣಿ, ಖಾರ ಹಾಕಿ ಅನ್ನಕ್ಕ ಬಿಡು. ಟ್ಯೂನಾ ಆದ್ರ ತತ್ತಿ ಬುರ್ಜಿ ಮಾಡಿದಂಗ ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಹುರದು ಚಪಾತ್ಯಾಗ ಸುತ್ಕೊಂಡು ಕ್ಲಾಸಿಗೆ ಒಯ್ಯಿ. ಕುದಸಿದ ಬಟಾಟಿ ಕೂಡ ಕಲಸಿ ತವಾದ ಮ್ಯಾಲ ಕಟ್ಲೆಟ್ ಮಾಡಿದ್ರ ಇಲ್ಲಿಯ ಗೆಳತ್ಯಾರೂ ತಿಂತಾರ. ಹೊಸದಾಗಿ ತಿನ್ನಾಕಿ ನೀ, ಟ್ಯೂನಾದಿಂದನ ಶುರು ಮಾಡು, ರೂಢಿ ಆದಮ್ಯಾಲ ಸಾರ್ಡೀನಿಗೆ ಬಾ.

ವಾಸನಿಗೆ ಹುಳಿನ ಔಷಧ, ಮೀನ ವಾಸನಿ ಬರಸೂ ಪದಾರ್ಥ ಹುಳಿ ಸೇರಿದ್ರ ಅಡಗತೈತಿ, ಕರಾವಳಿಯವರು ಹುಳಿ ಇಲ್ಲದ ಮೀನ ಮಾಡೂದು ಕಡಿಮಿ. ಖಾಲಿ ಡಬ್ಬಿ ಆಗಿಂದಾಗ ತೊಳದು ಹೊರಗಿನ ರಿಸೈಕಲ್ ಡಬ್ಬಕ್ಕ ಹಾಕು, ಅಡಗಿಮನಿ ಕಸದಾಗ ರಾತ್ರಿ ಬಿಡಬ್ಯಾಡ. ಕಾಲೇಜಿನ ಮೈಕ್ರೋವೇವಿನ್ಯಾಗ ಮೀನ ಬಿಸಿ ಮಾಡಬ್ಯಾಡ, ಅಷ್ಟ ಮಾಡಿದ್ರ ಸಾಕು, ಯಾರೂ ಏನೂ ಅನ್ನೂದಿಲ್ಲ.

ಮನ್ಯಾಗ ಹೇಳೂದೋ ಬ್ಯಾಡೋ ಅಂತ ಕಡೀಕ ಒಂದ ಸಾಲಿನ್ಯಾಗ ಕೇಳೀದಿ. ನಾ ಇಷ್ಟುದ್ದ ಬರಿಯಾಕ ಹತ್ತಿದ್ದು ಆ ಒಂದ ಸಾಲಿನ ಸಲುವಾಗಿ.

ನಮ್ಮದೂ ನಿಮ್ಮಂಥ ಮನಿನ. ತತ್ತಿ ಸೈತ ಒಳಗ ಬರತಿದ್ದಿಲ್ಲ, ಸೋಮವಾರ ಶ್ರಾವಣ ಅಂತಲ್ಲ, ಯಾವಾಗೂ ಇಲ್ಲ, ನಿನಗ ಬಿಡಿಸಿ ಹೇಳೂದು ಬೇಕಾಗಿಲ್ಲ. ನಾನು ಇಲ್ಲಿ ಮೀನ ತಿನ್ನಾಕ ಶುರು ಮಾಡಿದ ಮ್ಯಾಲ ಅವ್ವಗ ಹೇಳಲಿಲ್ಲ. ಮನಸ್ಸಿಗೆ ಹಚ್ಕೊಂತಾಳ, ದೂರ ಅದಾಳ, ಯಾಕ ಬೇಕು ಅಂತ. ಐತವಾರ ಫೋನ್ ಮಾಡಿದಾಗ ಅಕಿ ಮೊದಲನೇ ಮಾತು ಊಟಾತೇನು, ಏನ ಮಾಡಿದ್ದಿ. ನಾ ಅನ್ನಾ ಸಾರು ಅಂತಿದ್ದೆ. ಮುಂದಿನ ವಾರನೂ ಅನ್ನಾ ಸಾರು. ಅಕಿ ಬ್ಯಾಳಿ ಯಾವುದು ಹಾಕಿದ್ದಿ, ಖಾರ ಇನ್ನೂ ಐತೇನು, ಅಂತ ಕೇಳಾಕಿ, ನಾ ಸುಳ್ಳ ಹೆಚ್ಚ ಆಗಬಾರದಂತ ಮಾತು ಹೊಳ್ಳಸಾಕಿ. ನಮ್ಮ ಅವ್ವಂದಿರಿಗೆ ನಮ್ಮ ಆಫೀಸು, ನಮ್ಮ ಬಾಸು, ಇಲ್ಲಿಯ ಬಸ್ಸು ರೈಲು ಗೊತ್ತಿಲ್ಲ ತಂಗಿ, ಅವರು ನಮ್ಮ ಬದುಕಿನ್ಯಾಗ ಕೈ ಇಟ್ಟು ನೋಡೂದು ಊಟದ ಮಾತಿನಿಂದ. ಆ ಬಾಗಲಾ ನಾನ ಮುಚ್ಚಿದೆ. ಬರಬರತ ಅಕಿ ಕೇಳೂದ ಬಿಟ್ಲು, ಫೋನು ಹವಾ ಹೆಂಗೈತಿ, ಆರಾಮ ಇದ್ದೀಯಿಲ್ಲೋ, ಇಷ್ಟಕ್ಕ ಮುಗೀತಿತ್ತು.

ಅವ್ವ ಹ್ವಾದ ಮ್ಯಾಲ ಊರಿಗೆ ಹೋದಾಗ ನಮ್ಮ ಅಕ್ಕ ಹೇಳಿದ್ಲು, ಓಣ್ಯಾಗ ಎಲ್ಲಾರ ಮುಂದ ಅವ್ವ ಇದನ್ನ ಹೇಳಿ ಅಳತಿದ್ಲಂತ, ನನ್ನ ಮಗಳು ಆ ಥಂಡಿ ದೇಶದಾಗ ಬರೇ ಅನ್ನಾ ಸಾರು ತಿಂದು ದಿನಾ ತಗೀತಾಳ, ಮೈಯಾಗ ಏನ ಕಸುವ ಇರತೈತಿ ಅಂತ. ಅಕಿ ಮನಸ್ಸಿಗೆ ಹಚ್ಕೋಬಾರದಂತ ನಾ ಹೇಳದ ಬಿಟ್ಟದ್ದು, ಅಕಿ ಅದನ್ನ ಮನಸ್ಸಿಗೆ ಹಚ್ಕೊಂಡ ಕುಂತಿದ್ಲು. ಇಲ್ಲಿ ನಾನು ಹೊಟ್ಟಿ ತುಂಬ ಉಂಡು, ಬಿ12 ಕ್ಯಾಲ್ಸಿಯಂ ಲೆಕ್ಕ ಹಾಕಿ ಗಟ್ಟಿಮುಟ್ಟ ಇದ್ದೆ. ಹೇಳಿದ್ರ ಒಂದ ವಾರ ಸಿಟ್ಟಾಗತಿದ್ಲೇನೋ, ಎರಡ ವಾರ ಫೋನ್ ತಗೋತಿದ್ದಿಲ್ಲೇನೋ. ಆದ್ರ ಮೂರನೇ ವಾರ ಏನ ಮಾಡಿದ್ದಿ ಅಂತ ಕೇಳತಿದ್ಲು, ನಾ ಖರೇ ಹೇಳತಿದ್ದೆ. ಈಗೂ ಡಬ್ಬಿ ತಗದಾಗ ಒಮ್ಮೊಮ್ಮೆ ಇದ ವಿಚಾರ ಬರತೈತಿ ನನಗ.

ಅದಕ್ಕ ನಿನಗ ಹೇಳೂದು, ಇಡೀ ಬಳಗಕ್ಕ ಹೇಳಬ್ಯಾಡ, ಕಾಕಾ ಮಾಮಾ ಅತ್ತಿ ಅವರಿಗೆಲ್ಲಾ ಯಾಕ, ಫ್ಯಾಮಿಲಿ ಗ್ರೂಪಿನ್ಯಾಗ ಫೋಟೋ ಅಂತೂ ಹಾಕಬ್ಯಾಡ. ಅವ್ವಗ ಒಬ್ಬಾಕಿಗೆ ಹೇಳು. ಡಾಕ್ಟರ್ ರಿಪೋರ್ಟ್ ಬಂದದ್ದ ಮೊದಲ ಹೇಳು, ನಂಬರ್ ಹೇಳು, ಕೈಕಾಲು ಜುಮ್ಮ ಅಂತಾವಂತ ಬರದ್ಯಲ್ಲ ಅದನ್ನೂ ಹೇಳು, ಗುಳಿಗಿ ತಗೋಳಾಕ ಹತ್ತೀನಿ, ಜೋಡಿ ಮೀನಾನೂ ತಿನ್ನೂ ವಿಚಾರ ಐತಿ ಅಂತ ಅಕಿನ್ನ ಕೇಳಿದಂಗ ಹೇಳು. ಬ್ಯಾಡ ಅಂದ್ರ ಆವಾಗ ನೀ ಅಕಿ ಕೂಡ ಮಾತಾಡಿ ನಿರ್ಣಯ ಮಾಡು, ಗುಳಿಗಿ ಮ್ಯಾಲೂ ನಡೀತೈತಿ ಅಂತ ಹೇಳೀನಲ್ಲ. ಫೋನು ಮಾಡೂ ಮುಂದ ಊರಾಗ ಟೈಮ್ ನೋಡ್ಕೋ, ಅಕ್ಟೋಬರ್ ಕಡೀ ಐತವಾರ ಇಲ್ಲಿ ಗಡಿಯಾರ ಒಂದ ತಾಸು ಹಿಂದ ಹೋಗತೈತಿ, ಆಮ್ಯಾಲ ಊರಿಗೂ ಇಲ್ಲಿಗೂ ಐದೂವರಿ ತಾಸು ಫರಕು, ನೀ ಕ್ಲಾಸ್ ಮುಗಿಸಿ ಬರೂದರಾಗ ಅವರು ಮಲಗಿರ್ತಾರ. ಮುಂಜಾನೆ ಮಾಡು.

ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ ಅಂತಾನೂ ಕೇಳಿದ್ದಿ, ಗುಜರಾತಿಯವರ ಅಂಗಡ್ಯಾಗ ಜುವಾರ್ ಅಂತ ಕೇಳು, ನಮ್ಮ ಬಿಳಿಜ್ವಾಳದಷ್ಟು ಜಿಗಿ ಇರೂದಿಲ್ಲ, ಕುದಿಯೂ ನೀರ ಹಾಕಿ ಚೊಲೋ ನಾದಬೇಕು. ಬಡಿಯಾಕ ಬರಲಿಲ್ಲಂದ್ರ ಪ್ಲಾಸ್ಟಿಕ್ ಹಾಳಿ ಮ್ಯಾಲ ಲಟ್ಟಿಸು. ಮೊದಲನೇ ಸಲ ಸಾರ್ಡೀನ್ ಮಾಡಿದಾಗ ಖಾರ ಎಷ್ಟ ಹಾಕಿದ್ದಿ, ಹೆಂಗ ಆತು, ಬರದು ತಿಳಸು.