ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈ ಅಲುಗಿಸಿ ಆಡುವ ಕಂಟ್ರೋಲರ್‌ಗಳು

ಪ್ರಶ್ನೆ: ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದಲ್ಲಿ ಗೈರೋ (ಕೈ ತಿರುಗಿದ್ದನ್ನು ಗುರುತಿಸುವ ಗೈರೋಸ್ಕೋಪ್ ಸೆನ್ಸರ್) ಹಾಕಿಕೊಂಡು ಶೂಟಿಂಗ್ ಆಟ ಆಡುವಾಗ ಗುರಿ ತಾನಾಗಿಯೇ ಬಲಕ್ಕೆ ಜಾರುತ್ತದೆ. ಅದರ ಕಂಟ್ರೋಲರ್ ಆದ ಜಾಯ್‌ಕಾನ್ ಕೆಟ್ಟಿದೆಯೇ?

ಉತ್ತರ: ಮೊದಲು ಆಟದ ಸೆಟ್ಟಿಂಗ್‌ನಲ್ಲಿ ಗೈರೋ ಆಫ್ ಮಾಡಿ ನೋಡಿ. ಆಗಲೂ ಜಾರಿದರೆ ದೋಷ ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ನದು, ಗೈರೋದ್ದಲ್ಲ. ಜಾರುವುದು ನಿಂತರೆ ಕ್ಯಾಲಿಬ್ರೇಷನ್, ಅಂದರೆ ಸೆನ್ಸರ್‌ಗೆ ಸೊನ್ನೆ ಯಾವುದೆಂದು ಮತ್ತೆ ತಿಳಿಸುವುದು, ಸಾಕು.

ಗೈರೋಸ್ಕೋಪ್ ಅಳೆಯುವುದು ತಿರುಗುವ ವೇಗವನ್ನು; ಅದನ್ನು ಕ್ಷಣಕ್ಷಣಕ್ಕೂ ಕೂಡಿಸಿ ಕೋನ ಲೆಕ್ಕ ಹಾಕಲಾಗುತ್ತದೆ. ಅಲುಗದೆ ಇಟ್ಟಾಗಲೂ ಅದು ಸೊನ್ನೆಯ ಬದಲು ಸೆಕೆಂಡಿಗೆ 0.1 ಡಿಗ್ರಿ ತೋರಿಸಿದರೆ ಒಂದೇ ನಿಮಿಷದಲ್ಲಿ 6 ಡಿಗ್ರಿ ತಪ್ಪುತ್ತದೆ. ಮೇಲೆ-ಕೆಳಗೆ ವಾಲಿದ್ದನ್ನು ಆಕ್ಸಿಲರೋಮೀಟರ್ ಎಂಬ ಇನ್ನೊಂದು ಸೆನ್ಸರ್ ಗುರುತ್ವದ ದಿಕ್ಕು ನೋಡಿ ತಿದ್ದುತ್ತದೆ. ಎಡ-ಬಲಕ್ಕೆ ತಿರುಗಿದಾಗ ಗುರುತ್ವದ ದಿಕ್ಕು ಬದಲಾಗದು, ಹಾಗಾಗಿ ಆ ತಪ್ಪು ಸೇರುತ್ತಲೇ ಹೋಗುತ್ತದೆ.

ಜಾಯ್‌ಕಾನ್ ಕಳಚಿ, ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್‌ನಲ್ಲಿ ಕ್ಯಾಲಿಬ್ರೇಟ್ ಮೋಷನ್ ಕಂಟ್ರೋಲ್ಸ್ ಆರಿಸಿ, ಗಟ್ಟಿ ಮೇಜಿನ ಮೇಲೆ ಸಮತಟ್ಟಾಗಿಡಿ. ತೊಡೆ, ಹಾಸಿಗೆ ಬೇಡ. ಅಲ್ಲಿನ ಸಣ್ಣ ಅಲುಗಾಟವೇ ಸೊನ್ನೆಯೆಂದು ದಾಖಲಾಗಿಬಿಡುತ್ತದೆ. ಬಿಸಿ ಏರಿದಂತೆ ಸೆನ್ಸರ್‌ನ ಸೊನ್ನೆಯೂ ಸರಿಯುವುದರಿಂದ, ಸ್ವಲ್ಪ ಹೊತ್ತು ಆಡಿದ ಮೇಲೆ ಇದನ್ನು ಮಾಡುವುದು ಒಳ್ಳೆಯದು.

ಪ್ರಶ್ನೆ: ಕಾರ್ ರೇಸ್‌ನಲ್ಲಿ ಕಂಟ್ರೋಲರ್ ತಿರುಗಿಸಿದರೂ ಕಾರು ಒಮ್ಮೊಮ್ಮೆ ತಿರುಗುವುದೇ ಇಲ್ಲ.

ಉತ್ತರ: ನೀವು ಅದನ್ನು ತಟ್ಟೆಯಂತೆ ಅಡ್ಡಲಾಗಿ ಹಿಡಿಯುತ್ತಿರಬೇಕು. ಇಂಥ ಆಟಗಳು ಸಾಮಾನ್ಯವಾಗಿ ಗುರುತ್ವವನ್ನೇ ನಂಬುತ್ತವೆ. ಅಡ್ಡಲಾಗಿ ಹಿಡಿದು ಎಷ್ಟು ತಿರುಗಿಸಿದರೂ ಅದಕ್ಕೆ ತಿಳಿಯದು. ಗುಂಡಿಗಳು ನಿಮ್ಮ ಮುಖದ ಕಡೆ ಬರುವಂತೆ ನೆಟ್ಟಗೆ ಹಿಡಿಯಿರಿ.

ಪ್ರಶ್ನೆ: ಕಂಪ್ಯೂಟರ್‌ಗೆ ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಜೋಡಿಸಿದ್ದೇನೆ. ಗೈರೋದಿಂದ ಗುರಿಯಿಡಲು ಸ್ಟೀಮ್ ಎಂಬ ಗೇಮ್ ತಂತ್ರಾಂಶದಲ್ಲಿ ಹೇಗೆ ಹೊಂದಿಸಬೇಕು? ಎಲ್ಲ ಆಟಕ್ಕೂ ಇದು ಉಪಯೋಗವೇ?

ಉತ್ತರ: ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ ಆದ ಸ್ಟೀಮ್ ಇನ್‌ಪುಟ್‌ನಲ್ಲಿ ಗೈರೋವನ್ನು ಜಾಯ್‌ಸ್ಟಿಕ್‌ಗೆ ಜೋಡಿಸಬೇಡಿ, ಮೌಸ್‌ಗೆ ಜೋಡಿಸಿ. ಸ್ಟಿಕ್ಕಿನ ಸಣ್ಣ ಚಲನೆಯನ್ನು ಆಟಗಳು ಡೆಡ್‌ಝೋನ್ ಎಂದು ನುಂಗಿಬಿಡುತ್ತವೆ, ಗೈರೋದಿಂದ ನಮಗೆ ಬೇಕಾಗಿರುವುದೋ ಆ ಸಣ್ಣ ಚಲನೆಯೇ. ಕಂಟ್ರೋಲರ್ 1 ಡಿಗ್ರಿ ತಿರುಗಿದರೆ ಆಟದ ಕ್ಯಾಮೆರಾ 3 ಡಿಗ್ರಿ ತಿರುಗುವಂತೆ ಶುರುಮಾಡಿ, ಕೈ ಕುದುರಿದಂತೆ ಬದಲಿಸಿ. ಹಿಂದಕ್ಕೆ ತಿರುಗುವಂಥ ದೊಡ್ಡ ಚಲನೆ ಸ್ಟಿಕ್ಕಿಗೆ, ಕೊನೆಯ ಎರಡು-ಮೂರು ಡಿಗ್ರಿ ತಿದ್ದುವುದು ಗೈರೋಗೆ. ಎಲ್‌2 (ಎಡಗೈ ತೋರುಬೆರಳಿನ ಟ್ರಿಗರ್ ಗುಂಡಿ) ಒತ್ತಿ ಗುರಿಯಿಡುವಾಗ ಮಾತ್ರ ಗೈರೋ ಚಾಲೂ ಆಗುವಂತೆ ಇಟ್ಟರೆ, ಕೆಮ್ಮಿದರೂ ಪರದೆ ಅಲುಗುವುದಿಲ್ಲ. ಮೌಸ್ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಒಪ್ಪದ ಆಟಗಳಲ್ಲಿ ಗುಂಡಿಗಳ ಚಿತ್ರ ಪಟಪಟನೆ ಬದಲಾಗುತ್ತಿರುತ್ತದೆ. ಅಂಥಲ್ಲಿ ಮಾತ್ರ ಜಾಯ್‌ಸ್ಟಿಕ್ ಆಯ್ಕೆಗೆ ಹೋಗಿ.

ಬಿಲ್ಲು, ಬಂದೂಕಿನ ಆಟಗಳಲ್ಲಿ ಗೈರೋ ಇಲ್ಲದ ಸ್ಟಿಕ್ಕಿಗೆ ಮರಳಲು ಮನಸ್ಸೇ ಬಾರದು. ಒಂದೊಂದು ಫ್ರೇಮೂ (ಪರದೆಯ ಒಂದು ಚಿತ್ರದಷ್ಟು ಸಮಯ) ಎಣಿಕೆಗೆ ಬರುವ ಫೈಟಿಂಗ್ ಆಟಗಳಲ್ಲಿ ಗುಂಡಿಯೇ ಮೇಲು. ಕಂಟ್ರೋಲರ್ ಬೀಸಿದ್ದನ್ನು ಆಟ ಗುರುತಿಸಬೇಕಾದರೆ ಕೈ ಅಷ್ಟು ದೂರ ಚಲಿಸಿರಲೇಬೇಕು, ಅಷ್ಟರಲ್ಲಿ ಎದುರಾಳಿಯ ಏಟು ಬಿದ್ದಿರುತ್ತದೆ.

ಪ್ರಶ್ನೆ: ನಿಂಟೆಂಡೊದ ಹಳೆಯ ಗೇಮ್ ಯಂತ್ರ ವೀ ರಿಮೋಟ್‌ನಿಂದ ಪರದೆಯ ಮೇಲೆ ತೋರಿಸುವ ಗುರುತು ಹಗಲಲ್ಲಿ ಮಾತ್ರ ಎಗರಾಡುತ್ತದೆ. ಟಿವಿಯ ಬಳಿ ಇಡುವ ಸೆನ್ಸರ್ ಬಾರ್ ಬದಲಿಸಬೇಕೇ?

ಉತ್ತರ: ಬೇಡ. ಹೆಸರು ಸೆನ್ಸರ್ ಬಾರ್ ಆದರೂ ಅದರಲ್ಲಿ ಸೆನ್ಸರ್ ಇಲ್ಲ, ಎರಡು ತುದಿಯಲ್ಲಿ ಅತಿಗೆಂಪು ಎಲ್‌ಇಡಿಗಳಿವೆ ಅಷ್ಟೇ. ಅವನ್ನು ನೋಡುವ ಕ್ಯಾಮೆರಾ ರಿಮೋಟಿನ ಮೂತಿಯಲ್ಲಿದೆ. ಬಿಸಿಲಿನಲ್ಲೂ ಅತಿಗೆಂಪು ಕಿರಣ ಇರುವುದರಿಂದ ಕ್ಯಾಮೆರಾಗೆ ಗೊಂದಲವಾಗುತ್ತದೆ. ಟಿವಿಯ ಹಿಂದಿನ ಕಿಟಕಿಗೆ ದಪ್ಪ ಪರದೆ ಎಳೆಯಿರಿ, ಹೊಳೆಯುವ ಗಾಜು, ಕನ್ನಡಿ ಎದುರಿಗಿದ್ದರೆ ಮುಚ್ಚಿ.