ಖಾಲಿ ಸೀಟಿಗೆ ಹೋಗಿ ಕೂತರೆ ವಿಮಾನಕ್ಕೇನು ಕಷ್ಟ?

ಪ್ರಶ್ನೆ: ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ವಿಮಾನದಲ್ಲಿ ಹೊರಟಿದ್ದೆ. ಅರ್ಧಕ್ಕರ್ಧ ಖಾಲಿ. ನಾವು ನಾಲ್ಕು ಜನ ಹಿಂದೆ ಹೋಗಿ ಆರಾಮಾಗಿ ಕೂರೋಣ ಅಂದ್ರೆ ಬಿಡಲಿಲ್ಲ, 'ಬ್ಯಾಲೆನ್ಸ್ ತಪ್ಪುತ್ತೆ' ಅಂದರು. ನಿಜವಾ, ಸುಮ್ನೆ ನೆಪವಾ?

ಉತ್ತರ: ನೆಪ ಅಲ್ಲ. 70 ಚಿಲ್ಲರೆ ಸೀಟಿನ ವಿಮಾನದಲ್ಲಿ ನಾಲ್ಕು ಜನ ಅಂದ್ರೆ ಲೆಕ್ಕಕ್ಕೆ ಬರುವ ಭಾರವೇ. ಮುಂದಿನ ಸಲ ನಿಂತಿರುವ ಎಟಿಆರ್‌ನ ಬಾಲದ ಕೆಳಗೆ ನೋಡಿ, ಎಷ್ಟೋ ಸಲ ಒಂದು ಊರುಗೋಲು ಕೊಟ್ಟಿರುತ್ತಾರೆ. ಹತ್ತುವ ಬಾಗಿಲು ಹಿಂದಿದೆ, ಎಲ್ಲರೂ ಅಲ್ಲೇ ಗುಂಪಾದಾಗ ಮೂತಿ ಮೇಲೆದ್ದು ಬಾಲ ನೆಲಕ್ಕೆ ಕುಕ್ಕಬಾರದಲ್ವಾ!

ಇನ್ನು ಹಾರುವಾಗಿನ ಕಥೆ. ಮಾಮೂಲಿ ವಿಮಾನದ ಭಾರದ ಕೇಂದ್ರ, ರೆಕ್ಕೆ ಎತ್ತುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ. ಹಾಗಾಗಿ ಮೂತಿ ಯಾವಾಗಲೂ ಕೆಳಗೆ ಬಾಗಲು ನೋಡುತ್ತದೆ, ಅದು ಬಾಗದಂತೆ ಬಾಲದ ಪುಟ್ಟ ರೆಕ್ಕೆ ಹಿಂಭಾಗವನ್ನು ಒತ್ತಿ ಹಿಡಿದಿರುತ್ತದೆ. ಹೌದು, ಬಾಲ ವಿಮಾನವನ್ನು ಎತ್ತುವುದಿಲ್ಲ, ಕೆಳಕ್ಕೆ ಒತ್ತುತ್ತದೆ. ಈ ಏರ್ಪಾಡಿನಿಂದ ಸಿಗುವುದು ಸ್ಥಿರತೆ: ಗಾಳಿ ಬಡಿದು ಮೂತಿ ಎದ್ದರೂ ತಾನಾಗಿಯೇ ಮೊದಲಿನಂತಾಗುತ್ತದೆ. ಆದರೆ ಪುಕ್ಕಟೆ ಅಲ್ಲ. ಬಾಲ ಒತ್ತಿದಷ್ಟನ್ನೂ ದೊಡ್ಡ ರೆಕ್ಕೆಯೇ ಹೆಚ್ಚುವರಿ ಭಾರದ ಹಾಗೆ ಹೊರಬೇಕು. ಜಾಸ್ತಿ ಎತ್ತಿದರೆ ಗಾಳಿಯ ಎಳೆತ ಜಾಸ್ತಿ, ಇಂಧನವೂ ಜಾಸ್ತಿ. ಇದಕ್ಕೆ ಟ್ರಿಮ್ ಡ್ರ್ಯಾಗ್ ಅಂತಾರೆ.

ಹಾಗಾದರೆ ಭಾರವನ್ನು ಹಿಂದಕ್ಕೆ ಸರಿಸಿದರೆ ಉಳಿತಾಯ ಅಲ್ವಾ? ಖಂಡಿತ. ಏರ್‌ಬಸ್ ಎ330 ಮಾಡುವುದು ಅದನ್ನೇ. ಅದರ ಬಾಲದ ರೆಕ್ಕೆಯೊಳಗೆ ಸುಮಾರು 6 ಸಾವಿರ ಲೀಟರ್ ಹಿಡಿಯುವ ಟ್ಯಾಂಕ್ ಇದೆ. ಎತ್ತರಕ್ಕೆ ಹೋದ ಮೇಲೆ ಕಂಪ್ಯೂಟರೇ ಇಂಧನವನ್ನು ಅಲ್ಲಿಗೆ ಪಂಪ್ ಮಾಡುತ್ತದೆ, ಇಳಿಯುವ ಮುಂಚೆ ಮುಂದಕ್ಕೆ ತರುತ್ತದೆ. ಪ್ರಯಾಣಿಕರಿಗೆ ಸುಳಿವೂ ಇರುವುದಿಲ್ಲ.

ಆದರೆ ಅದಕ್ಕೊಂದು ಗಡಿ ಇದೆ. ಅತಿಯಾಗಿ ಹಿಂದಕ್ಕೆ ಹೋದರೆ ಎದ್ದ ಮೂತಿ ಇನ್ನೂ ಏಳುತ್ತಲೇ ಹೋಗಿ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳಬಹುದು. ನಿಮ್ಮನ್ನು ತಡೆದದ್ದು ಇದಕ್ಕೇ, ಇಂಧನದ ಜಿಪುಣತನಕ್ಕಲ್ಲ.

ಆ ಗಡಿಯನ್ನು ಬೇಕಂತಲೇ ದಾಟಿದ ವಿಮಾನ ನಮ್ಮ ಬೆಂಗಳೂರಲ್ಲೇ ಹುಟ್ಟಿದೆ: ತೇಜಸ್. ಅದಕ್ಕೆ ಹಿಂದೆ ಅಡ್ಡ ರೆಕ್ಕೆಯೇ ಇಲ್ಲ, ಶಬ್ದಕ್ಕಿಂತ ನಿಧಾನವಾಗಿ ಹಾರುವಾಗ ತಾನಾಗಿ ಸ್ಥಿರವಾಗಿರುವ ಗುಣವೂ ಇಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡ ಹಾಗೆ ಕಂಪ್ಯೂಟರ್ ಕ್ಷಣಕ್ಷಣವೂ ಅದನ್ನು ಸರಿದೂಗಿಸುತ್ತಿರುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ನಾಲ್ಕು ಸಮಾನಾಂತರ ಚಾನೆಲ್‌ಗಳಿವೆ. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ಮೊದಲ ಸಲ ಹಾರುವ ಮುಂಚೆ ವರ್ಷಗಟ್ಟಲೆ ಹಿಡಿದದ್ದರಲ್ಲಿ ಈ ಸಾಫ್ಟ್‌ವೇರ್‌ನ ಪಾಲೂ ದೊಡ್ಡದೇ. ಎಳೆತ ಕಡಿಮೆ, ತಿರುಗುವ ಚುರುಕು ಜಾಸ್ತಿ, ಯುದ್ಧವಿಮಾನಕ್ಕೆ ಒಳ್ಳೆ ವ್ಯಾಪಾರವೇ.

ಅಂದಹಾಗೆ, ಟೇಕಾಫ್ ಆಗಿ ಬೆಲ್ಟ್ ದೀಪ ಆರಿದ ಮೇಲೆ ಇನ್ನೊಮ್ಮೆ ಕೇಳಿ ನೋಡಿ. ಲೆಕ್ಕ ಸರಿಹೋಗುವಂತಿದ್ದರೆ ಬಿಟ್ಟರೂ ಬಿಟ್ಟಾರು.